ಪರದೇಶದಲ್ಲಿ ಇಂಗ್ಲಿಷು ಕಲಿಸುವ ಮೊದಲ ಉದ್ಯೋಗ

(ಅಂತಿಮ ಬಿ.ಎ. ವಿದ್ಯಾರ್ಥಿ, ಕೊಡೇಕಲ್)

“ಮುಂದೇನು?” ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯನ್ನು ಕಂಡವರೆಲ್ಲರೂ ಕೇಳುವ ಪ್ರಶ್ನೆ ಇದೊಂದೇ. ಕೊಡೇಕಲ್ಲಿನ ಬಸ್ಸು ನಿಲ್ದಾಣದಲ್ಲಿ ಚಹದಂಗಡಿಯವರು ಕೇಳುತ್ತಾರೆ; ಕಾಲೇಜಿನಲ್ಲಿ ಗುರುಗಳು ಕೇಳುತ್ತಾರೆ; ಮನೆಯಲ್ಲಿ ತಂದೆಯವರು ಬಾಯಿಬಿಟ್ಟು ಕೇಳದಿದ್ದರೂ ಅವರ ಮುಖವೇ ಕೇಳುತ್ತದೆ. ನಮ್ಮ ಮನೆತನದಲ್ಲಿ ಪದವಿಯ ಮೆಟ್ಟಿಲು ಹತ್ತುತ್ತಿರುವವರಲ್ಲಿ ನಾನೇ ಮೊದಲಿಗ. ಆದುದರಿಂದ ಈ ಪ್ರಶ್ನೆಗೆ ಉತ್ತರ ಹೇಳಿಕೊಡಬಲ್ಲ ಅಣ್ಣನಾಗಲಿ ಕಾಕನಾಗಲಿ ನನಗಿಲ್ಲ. ನನ್ನ ಆಸೆಯಾದರೋ ಇಷ್ಟೇ: ಇಂಗ್ಲಿಷು ಕಲಿಸುವ ಶಿಕ್ಷಕನಾಗಬೇಕು, ಸಾಧ್ಯವಾದರೆ ಕೆಲವು ವರ್ಷ ಪರದೇಶದಲ್ಲಿ ಕಲಿಸಿ ಬರಬೇಕು. ಕಳೆದ ವರ್ಷ ಈ ಆಸೆಯ ಬೆನ್ನುಹತ್ತಿ ನಾನು ಮೋಸಹೋಗುವುದರಲ್ಲಿದ್ದೆ. ಅಂದಿನಿಂದ ಈ ವಿಷಯವನ್ನು ಕುರಿತು ಓದಿ, ಗುರುಗಳನ್ನು ಕೇಳಿ ತಿಳಿದುಕೊಂಡುದನ್ನು ಸಹಪಾಠಿ ಮಿತ್ರರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಆ ಪ್ರಸಂಗವನ್ನೇ ಹೇಳಿಬಿಡುತ್ತೇನೆ. ನನ್ನ ಮೊಬೈಲಿಗೆ ಒಂದು ಸಂದೇಶ ಬಂದಿತು. ಪರದೇಶದ ಶಾಲೆಯೊಂದಕ್ಕೆ ಇಂಗ್ಲಿಷು ಶಿಕ್ಷಕರು ಬೇಕಾಗಿದ್ದಾರೆ, ಯಾವ ಪದವಿಯಾದರೂ ಸಾಕು, ಬಿ.ಇಡಿ. ಬೇಕಿಲ್ಲ, ಪರೀಕ್ಷೆಯಿಲ್ಲ ಎಂದು ಅದರಲ್ಲಿತ್ತು. ಫೋನು ಮಾಡಿದೆ. ಆ ಕಡೆಯ ಮನುಷ್ಯ ಬಹಳ ಮೃದುವಾಗಿ ಮಾತನಾಡಿದನು. ಪರೀಕ್ಷೆ ಮುಗಿಯುತ್ತಲೇ ಪ್ರವಾಸಿ ವೀಸಾದ ಮೇಲೆ ಹೊರಟುಬಿಡಬೇಕು, ಅಲ್ಲಿಗೆ ಹೋದ ಮೇಲೆ ಕೆಲಸದ ವೀಸಾ ಮಾಡಿಸಿಕೊಡಲಾಗುವುದು, ಸದ್ಯಕ್ಕೆ ಒಂದು ಲಕ್ಷ ಅರವತ್ತು ಸಾವಿರ ರೂಪಾಯಿ ಕಟ್ಟಬೇಕು ಎಂದನು. ತಂದೆಯವರು ಒಂದು ರಾತ್ರಿ ಸುಮ್ಮನಿದ್ದು, ಮರುದಿನ ಬೆಳಗ್ಗೆ, “ಎತ್ತು ಮಾರಿದ್ರ ಮುಂದ ಮತ್ತ ಕೊಳ್ಳಬಹುದು ತಮ್ಮಾ. ನೀ ಓದಿದ್ದು ದಂಡ ಆಗಬಾರದು” ಎಂದರು.

ನಮ್ಮ ಭಾಗದವರಿಗೆ ಪರಸ್ಥಳವೆಂಬುದು ಹೊಸದಲ್ಲ. ನಾರಾಯಣಪುರದ ಆಣೆಕಟ್ಟು ಹತ್ತಿರದಲ್ಲಿಯೇ ಇದ್ದರೂ ಕಾಲುವೆಯ ನೀರು ಎಲ್ಲ ಹೊಲಗಳಿಗೂ ಏರುವುದಿಲ್ಲ. ನೀರು ಕಾಣದ ಹೊಲದವರೂ ಹೊಲವೇ ಇಲ್ಲದವರೂ ಸುಗ್ಗಿ ಮುಗಿದೊಡನೆ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುತ್ತಾರೆ. ನನ್ನ ತಾಯಿಯೂ ನಾನು ಚಿಕ್ಕವನಿದ್ದಾಗ ಎರಡು ಬಾರಿ ಹೋಗಿ ಬಂದವಳು. ಅವಳು ಒಲೆಯ ಮುಂದೆ ಕುಳಿತಲ್ಲಿಂದಲೇ ಒಂದು ಮಾತು ಕೇಳಿದಳು: “ಗುಳೇದ ಮೇಸ್ತ್ರಿ ದುಡಿಯೋರಿಗೆ ಮುಂಗಡ ಕೊಟ್ಟು ಕರಕೊಂಡು ಹೋಗ್ತಾನ. ಇವ ದುಡಿಯೋರ ಕಡೀಂದನ ಮುಂಗಡ ಬೇಡ್ತಾನಲ್ಲ, ಇದೆಂಥಾ ಕೆಲಸ?”

ಓದುಬರಹ ಬಾರದ ತಾಯಿ ಕೇಳಿದ ಈ ಪ್ರಶ್ನೆ ಮೂರು ವರ್ಷ ಕಾಲೇಜು ಓದಿದ ನನಗೆ ಹೊಳೆದಿರಲಿಲ್ಲ. ಮರುದಿನ ನಮ್ಮ ಇಂಗ್ಲಿಷು ಅಧ್ಯಾಪಕರ ಬಳಿಗೆ ಹೋದೆ. ಅವರು, “ಶಾಲೆಯ ಹೆಸರೇನು? ವೀಸಾ ಯಾವುದು? ಆ ಏಜೆಂಟನ ನೋಂದಣಿ ಸಂಖ್ಯೆ ಎಷ್ಟು? ಈ ಮೂರನ್ನು ಮಾತ್ರ ಕೇಳಿ ನೋಡಪ್ಪ” ಎಂದರು. ಕೇಳಿದೆ. ಆ ದಿನದಿಂದ ಆ ಮನುಷ್ಯ ನನ್ನ ಫೋನನ್ನೇ ಎತ್ತಲಿಲ್ಲ. ಎತ್ತುಗಳು ಇನ್ನೂ ನಮ್ಮ ಕೊಟ್ಟಿಗೆಯಲ್ಲಿಯೇ ಇವೆ.

ಇಂತಹ ಪ್ರಸಂಗ ನಮಗೆ ಮಾತ್ರ ಒದಗುವುದೆಂದು ತಿಳಿಯಬೇಕಾಗಿಲ್ಲ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಎಂಬ ಬಂಗಲೆಯನ್ನು ನಮ್ಮಲ್ಲಿ ನೋಡದವರು ಕಡಿಮೆ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಹದಿನೈದನೆಯ ವಯಸ್ಸಿನಲ್ಲಿ ಮುಂಬಯಿಯ ವ್ಯಾಪಾರಿಯೊಬ್ಬನ ಬಳಿ ಗುಮಾಸ್ತನಾಗಲೆಂದು ಅವನನ್ನು ಹಡಗು ಹತ್ತಿಸಿದರು. ಬಂದು ನೋಡಿದರೆ ಆ ವ್ಯಾಪಾರಿಯೇ ಹಣದ ಮುಗ್ಗಟ್ಟಿನಲ್ಲಿದ್ದನು. ನಂಬಿ ಬಂದ ಉದ್ಯೋಗ ಕೈಕೊಟ್ಟಿತು. 1824ರಲ್ಲಿ ಹೈದರಾಬಾದಿನ ನಿಜಾಮರ ಸೈನ್ಯದಲ್ಲಿ ಹುದ್ದೆ ದೊರೆತುದರಿಂದ ಅವನು ಬದುಕಿಕೊಂಡನು. ಇಲ್ಲಿನ ಭಾಷೆಗಳನ್ನು ಶ್ರದ್ಧೆಯಿಂದ ಕಲಿತನು. 1841ರಲ್ಲಿ ಸುರಪುರಕ್ಕೆ ಬಂದು ಬಾಲಕನಾಗಿದ್ದ ರಾಜನ ಪರವಾಗಿ ಹಲವು ವರ್ಷ ಆಡಳಿತ ನಡೆಸಿದನು. ಅವನ ಬೆನ್ನ ಹಿಂದೆ ಆಳುವವರ ಬಲವಿತ್ತು; ನಮ್ಮ ಬೆನ್ನ ಹಿಂದೆ ಇರುವುದು ನಮ್ಮ ಕಾಗದಪತ್ರ ಮಾತ್ರ. ಆದುದರಿಂದ ಅವನಿಗಿಂತ ನಾವು ಹೆಚ್ಚು ಎಚ್ಚರಿಕೆಯಿಂದ ಹೆಜ್ಜೆಯಿಡಬೇಕು.

ಹಾಗಾದರೆ ಇಂಗ್ಲಿಷು ಕಲಿಸಲು ಭಾರತೀಯನು ಪರದೇಶಕ್ಕೆ ಹೋಗುವುದು ಸಾಧ್ಯವೇ? ಸಾಧ್ಯವೆಂಬುದಕ್ಕೆ ಇತಿಹಾಸವೇ ಸಾಕ್ಷಿ. 1941ರಲ್ಲಿ ಇಟಲಿಯ ಹಿಡಿತದಿಂದ ಬಿಡುಗಡೆಯಾದ ಇಥಿಯೋಪಿಯ ದೇಶದಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯವರು ಶಾಲೆಗಳನ್ನು ಮತ್ತೆ ಕಟ್ಟತೊಡಗಿದರು. ಪ್ರೌಢಶಿಕ್ಷಣ ಇಂಗ್ಲಿಷಿನಲ್ಲಿ ನಡೆಯತೊಡಗಿತು. ಮುಂದಿನ ದಶಕಗಳಲ್ಲಿ ಭಾರತದಿಂದ ಹೋದ ನೂರಾರು ಶಿಕ್ಷಕರು ಆ ದೇಶದ ಮೂಲೆಮೂಲೆಯ ಊರುಗಳಲ್ಲಿ ಪಾಠ ಹೇಳಿದರು. ಇನ್ನು ಕನ್ನಡಿಗರಲ್ಲಿ ಕಾಸರಗೋಡು ಸೀಮೆಯ ಕವಿ ಕೆ. ವಿ. ತಿರುಮಲೇಶರ ಉದಾಹರಣೆ ನಮ್ಮ ಕಣ್ಣ ಮುಂದಿದೆ. 1940ರಲ್ಲಿ ಹಳ್ಳಿಯಲ್ಲಿ ಹುಟ್ಟಿದ ಅವರು ಹೈದರಾಬಾದಿನ ಇಂಗ್ಲಿಷ್ ಸಂಸ್ಥೆಯಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದರು. ಯೆಮನ್ ದೇಶದಲ್ಲಿಯೂ ಇಂಗ್ಲಿಷು ಕಲಿಸಿದರು. ಇಷ್ಟಾಗಿಯೂ ಅವರು ಕೊನೆಯವರೆಗೆ ಕನ್ನಡದ ಕವಿಗಳಾಗಿಯೇ ಉಳಿದರು; 2015ರಲ್ಲಿ ‘ಅಕ್ಷಯ ಕಾವ್ಯ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದು, 2023ರಲ್ಲಿ ತೀರಿಕೊಂಡರು. ಇಂಗ್ಲಿಷು ಕಲಿಸುವವನು ಕನ್ನಡವನ್ನು ಕಳೆದುಕೊಳ್ಳಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಆದರೆ ಅದೇ ಯೆಮನ್ ಯುದ್ಧಕ್ಕೆ ಸಿಕ್ಕಿದುದರಿಂದ 2015ರಲ್ಲಿ ಅಲ್ಲಿದ್ದ ಸಾವಿರಾರು ಭಾರತೀಯರನ್ನು ನಮ್ಮ ಸರ್ಕಾರವು ಹಡಗು ವಿಮಾನಗಳಲ್ಲಿ ಹಿಂದಕ್ಕೆ ಕರೆತರಬೇಕಾಯಿತು. ಒಮ್ಮೆ ಒಳ್ಳೆಯದಾಗಿದ್ದ ಸ್ಥಳ ಸದಾ ಒಳ್ಳೆಯದಾಗಿರುವುದಿಲ್ಲ. ಹೊರಡುವ ಮೊದಲು ಆ ದೇಶದ ಇಂದಿನ ಸ್ಥಿತಿಯನ್ನು ವಿಚಾರಿಸಬೇಕು.

ಇನ್ನು ಒಂದು ಕಹಿ ಸತ್ಯವನ್ನು ತಿಳಿದಿರುವುದು ಒಳ್ಳೆಯದು. ಇಂಗ್ಲಿಷು ಕಲಿಸುವ ಉದ್ಯೋಗಗಳಲ್ಲಿ ಬಹುಭಾಗ ಅಭ್ಯರ್ಥಿಯ ಜ್ಞಾನಕ್ಕಿಂತ ಮೊದಲು ಅವನ ಪಾಸ್‌ಪೋರ್ಟನ್ನು ನೋಡುತ್ತವೆ. ಭಾಷಾವಿಜ್ಞಾನಿ ಬ್ರಜ್ ಕಾಚ್ರು ಅವರು 1985ರಲ್ಲಿ ಇಂಗ್ಲಿಷಿನ ಜಗತ್ತನ್ನು ಮೂರು ವರ್ತುಲಗಳಾಗಿ ವಿಂಗಡಿಸಿದರು. ಇಂಗ್ಲಿಷನ್ನು ತಾಯ್ನುಡಿಯಾಗಿ ಆಡುವ ಬ್ರಿಟನ್, ಅಮೆರಿಕ ಮೊದಲಾದವು ಒಳವರ್ತುಲ. ಆಡಳಿತ, ನ್ಯಾಯಾಲಯ, ಕಾಲೇಜುಗಳಲ್ಲಿ ಅದನ್ನು ಬಳಸುವ ಭಾರತ, ನೈಜೀರಿಯದಂತಹವು ಹೊರವರ್ತುಲ. ಪರಭಾಷೆಯಾಗಿ ಕಲಿಯುತ್ತಿರುವ ಚೀನ, ಜಪಾನ್ ಮೊದಲಾದವು ಹರಡುತ್ತಿರುವ ವರ್ತುಲ. ಈ ಮೂರನೆಯ ವರ್ತುಲದಲ್ಲಿಯೇ ಶಿಕ್ಷಕರಿಗೆ ಬೇಡಿಕೆ ಹೆಚ್ಚು. ಆದರೆ ಅಲ್ಲಿಯವರು ಬಯಸುವುದು ಒಳವರ್ತುಲದವರನ್ನು. ದಕ್ಷಿಣ ಕೊರಿಯ ದೇಶದ ಭಾಷಾಶಿಕ್ಷಕರ ವೀಸಾ ಸಾಮಾನ್ಯವಾಗಿ ಏಳು ದೇಶಗಳ ಪ್ರಜೆಗಳಿಗೆ ಮೀಸಲು: ಅಮೆರಿಕ, ಬ್ರಿಟನ್, ಕೆನಡ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯ ಒಪ್ಪಂದವು ಸರ್ಕಾರಿ ಶಾಲೆಗಳ ಸಹಾಯಕ ಶಿಕ್ಷಕರ ಕೆಲಸಕ್ಕೆ ನಮಗೂ ಒಂದು ಕಿಂಡಿಯನ್ನು ತೆರೆಯಿತು. ಆದರೆ ಅದಕ್ಕೂ ಪದವಿಯ ಜೊತೆಗೆ ಇಂಗ್ಲಿಷು ಕಲಿಸುವ ಶಿಕ್ಷಕನೆಂಬ ಅರ್ಹತಾಪತ್ರ ಬೇಕು. ಬರಿಯ ಬಿ.ಎ. ಸಾಲದು.

ಇದನ್ನು ಕೇಳಿ ನಿರಾಶರಾಗಬೇಕಾಗಿಲ್ಲ. ತಾಯ್ನುಡಿಯವನಿಗೆ ಇಲ್ಲದ ಒಂದು ಬಂಡವಾಳ ನಮ್ಮಲ್ಲಿದೆ ಎಂದು ನನ್ನ ಅಭಿಪ್ರಾಯ. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಯಲ್ಲಿ ಬರುತ್ತದೆ: ‘ರಾಮನು ಹಣ್ಣನ್ನು ತಿಂದನು.’ ಇಂಗ್ಲಿಷಿನಲ್ಲಿ ‘ತಿಂದನು’ ಎಂಬುದು ‘ಹಣ್ಣಿ’ಗಿಂತ ಮೊದಲೇ ಬರಬೇಕು. ಕನ್ನಡದಲ್ಲಿ ‘ಮನೆಯಲ್ಲಿ’ ಎಂದು ಸ್ಥಳವನ್ನು ಸೂಚಿಸುವ ಪ್ರತ್ಯಯ ನಾಮಪದದ ಹಿಂದೆ ಸೇರುತ್ತದೆ. ಇಂಗ್ಲಿಷಿನಲ್ಲಿ ‘ಇನ್’ ಎಂಬುದು ಮುಂದೆ ನಿಲ್ಲುತ್ತದೆ. ಜಪಾನೀ, ಕೊರಿಯನ್ ಭಾಷೆಗಳ ಕ್ರಮವೂ ನಮ್ಮದರಂತೆಯೇ. ಇಥಿಯೋಪಿಯದ ಅಮ್ಹಾರಿಕ್ ಭಾಷೆಯಲ್ಲಿಯೂ ಕ್ರಿಯಾಪದ ಕೊನೆಗೇ ಬರುತ್ತದೆ. ಆದುದರಿಂದ ಅಲ್ಲಿಯ ಹುಡುಗನು ಎಲ್ಲಿ ಎಡವುತ್ತಾನೆಂಬುದು ಕೊಡೇಕಲ್ಲಿನ ಹುಡುಗನಿಗೆ ಗೊತ್ತು. ತಾನೂ ಅಲ್ಲಿಯೇ ಎಡವಿ ಎದ್ದವನಲ್ಲವೇ?

ಆದರೆ ಎಡವಿದ್ದು ಬೇರೆ, ಎಡವಿದವನನ್ನು ಎತ್ತಿ ನಿಲ್ಲಿಸುವುದು ಬೇರೆ. ಇದನ್ನು ನಾನು ಅನುಭವದಿಂದ ಕಲಿತೆ. ಹೋದ ಬೇಸಿಗೆಯಿಂದ ನಮ್ಮ ಓಣಿಯ ಹತ್ತನೆಯ ತರಗತಿಯ ಏಳೆಂಟು ಮಕ್ಕಳಿಗೆ ಸಂಜೆಯ ಹೊತ್ತು ಮನೆಯ ಕಟ್ಟೆಯ ಮೇಲೆ ಇಂಗ್ಲಿಷು ಹೇಳಿಕೊಡುತ್ತಿದ್ದೇನೆ. ಒಂದು ದಿನ ಹುಡುಗಿಯೊಬ್ಬಳು, “ಸನ್ ಅಂದ್ರ ಸೂರ್ಯ ಅಲ್ರಿ ಸರ? ಅದರ ಮುಂದ ‘ದಿ’ ಯಾಕ ಬೇಕ್ರಿ?” ಎಂದು ಕೇಳಿದಳು. ಬರೆಯಲು ನನಗೆ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. “ಹಂಗ ಬರೀತಾರ, ಬರಿ” ಎಂದು ಗದರಿಸಿ ಮುಂದಿನ ಪಾಠಕ್ಕೆ ಹೋದೆ. ರಾತ್ರಿ ನಾಚಿಕೆಯಾಯಿತು. ಮರುದಿನ ಗುರುಗಳನ್ನು ಕೇಳಿದೆ. ಯಾವ ವಸ್ತುವಿನ ವಿಷಯ ನಡೆದಿದೆಯೆಂದು ಹೇಳುವವನಿಗೂ ಕೇಳುವವನಿಗೂ ಗೊತ್ತಿರುವಲ್ಲಿ ‘ದಿ’ ಬರುತ್ತದೆ, ಆಕಾಶದಲ್ಲಿ ನಮಗೆಲ್ಲ ಸೂರ್ಯನೊಬ್ಬನೇ ಆದುದರಿಂದ ‘ಯಾವ ಸೂರ್ಯ?’ ಎಂಬ ಪ್ರಶ್ನೆಯೇ ಏಳುವುದಿಲ್ಲ ಎಂದು ಅವರು ತಿಳಿಸಿದರು. ಸಂಜೆ ಅದನ್ನೇ ಮಕ್ಕಳಿಗೆ ಹೇಳಿದಾಗ ಆ ಹುಡುಗಿ, “ಹಂಗಾದ್ರ ನಮ್ಮೂರ ಕೆರಿಗೂ ‘ದಿ’ ಬರ್ತದ ಬಿಡ್ರಿ” ಎಂದಳು. ಕಲಿಸುವುದೆಂದರೇನೆಂಬುದು ನನಗೆ ಆ ಸಂಜೆ ಸ್ವಲ್ಪ ತಿಳಿಯಿತು.

ಇಲ್ಲಿಯೇ ನಾನು ಹೇಳಬೇಕಾದ ಮುಖ್ಯ ಮಾತು ಇರುವುದು. ಪರದೇಶದ ಮೊದಲ ಉದ್ಯೋಗವು ಸಾಮಾನ್ಯವಾಗಿ ಶಿಕ್ಷಕನ ಮೊದಲ ಉದ್ಯೋಗವಾಗಿರುವುದಿಲ್ಲ. ಅಲ್ಲಿಯ ಒಳ್ಳೆಯ ಶಾಲೆಗಳು ಕೇಳುವುದು ಪದವಿ, ಶಿಕ್ಷಕ ತರಬೇತಿ ಮತ್ತು ಒಂದೆರಡು ವರ್ಷ ಪಾಠ ಮಾಡಿದ ಅನುಭವ. ಈ ಮೂರೂ ಇಲ್ಲದವನನ್ನು ಕರೆಯುವ ಶಾಲೆಯನ್ನು ಸಂಶಯದಿಂದಲೇ ನೋಡಬೇಕು.

ತರಬೇತಿಯ ದಾರಿಗಳು ಹಲವು. ಎಲ್ಲಕ್ಕಿಂತ ಭದ್ರವಾದುದು ಎರಡು ವರ್ಷದ ಬಿ.ಇಡಿ. ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿರುವ ಭಾರತೀಯರ ಮಕ್ಕಳಿಗಾಗಿ ನಮ್ಮ ಕೇಂದ್ರೀಯ ಪಠ್ಯಕ್ರಮದ ಶಾಲೆಗಳು ಅನೇಕ ನಡೆಯುತ್ತಿದ್ದು, ಅಲ್ಲಿ ಬಿ.ಇಡಿ. ಆದ ಇಂಗ್ಲಿಷು ಶಿಕ್ಷಕರಿಗೆ ಅವಕಾಶವುಂಟು. ಮಾಲ್ಡೀವ್ಸ್ ಇನ್ನೊಂದು. ಅಲ್ಲಿರುವ ಸಾವಿರಕ್ಕೂ ಹೆಚ್ಚು ದ್ವೀಪಗಳಲ್ಲಿ ಜನವಸತಿಯಿರುವುದು ಇನ್ನೂರಕ್ಕೆ ಸಮೀಪದ ದ್ವೀಪಗಳಲ್ಲಿ ಮಾತ್ರ. 1960ರ ದಶಕದಿಂದ ಅಲ್ಲಿಯ ಶಾಲೆಗಳು ಇಂಗ್ಲಿಷು ಮಾಧ್ಯಮವನ್ನು ಹಿಡಿದುದರಿಂದ ಭಾರತದ ಶಿಕ್ಷಕರು, ಮುಖ್ಯವಾಗಿ ಕೇರಳ ತಮಿಳುನಾಡುಗಳವರು, ಬಹುಕಾಲದಿಂದ ಅಲ್ಲಿಗೆ ಹೋಗುತ್ತಿದ್ದಾರೆ. ಸುತ್ತ ಸಮುದ್ರ, ನಡುವೆ ಚಿಕ್ಕದೊಂದು ಊರು, ಅದರಲ್ಲೊಂದು ಶಾಲೆ. ಆ ಒಂಟಿತನಕ್ಕೆ ಮನಸ್ಸು ಸಿದ್ಧವಿರಬೇಕು.

ಬಿ.ಇಡಿ.ಯಲ್ಲದೆ ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸುವ ವಿಶೇಷ ತರಬೇತಿಗಳೂ ಇವೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ‘ಸೆಲ್ಟಾ’ ಪ್ರಮಾಣಪತ್ರಕ್ಕೆ ಕನಿಷ್ಠ 120 ಗಂಟೆಗಳ ಅಭ್ಯಾಸವೂ, ಅದರಲ್ಲಿ ನಿಜವಾದ ವಿದ್ಯಾರ್ಥಿಗಳ ಮುಂದೆ 6 ಗಂಟೆಗಳ ಪಾಠವೂ ಬೇಕು. ಜಗತ್ತಿನ ಎಲ್ಲೆಡೆ ಅದಕ್ಕೆ ಬೆಲೆಯುಂಟು. ಆದರೆ ಅದರ ಶುಲ್ಕ ನಮ್ಮಂತಹವರಿಗೆ ಬಹಳ ಭಾರ. ಮೊಬೈಲಿನಲ್ಲಿ ವಾರವೊಂದರಲ್ಲಿ ಕೊಡುವ ಅಗ್ಗದ ಪ್ರಮಾಣಪತ್ರಗಳಿಗೆ ಮಾರುಹೋಗಬಾರದು. ಪಾಠ ಮಾಡಿಸಿ ನೋಡದ ತರಬೇತಿಯು ನೀರಿಗಿಳಿಸದೆ ಈಜು ಕಲಿಸಿದಂತೆ. ನಮ್ಮ ಕೈಗೆಟುಕುವ ಉತ್ತಮ ಸಂಸ್ಥೆ ಹೈದರಾಬಾದಿನಲ್ಲಿದೆ. 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯೆಂದು ಸ್ಥಾಪಿತವಾಗಿ 2007ರಿಂದ ಕೇಂದ್ರೀಯ ವಿಶ್ವವಿದ್ಯಾಲಯವಾಗಿರುವ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವದು. ನಮ್ಮ ವಿನಾಯಕ ಕೃಷ್ಣ ಗೋಕಾಕರು ಮೊದಲ ವರ್ಷಗಳಲ್ಲಿ ಅದರ ನಿರ್ದೇಶಕರಾಗಿದ್ದರು. ತಿರುಮಲೇಶರು ಪಾಠ ಹೇಳಿದ್ದೂ ಅಲ್ಲಿಯೇ. ಇಂಗ್ಲಿಷು ಬೋಧನೆಯನ್ನೇ ವಿಷಯವಾಗಿಟ್ಟುಕೊಂಡು ಅಲ್ಲಿ ಓದಬಹುದು. ಏಷ್ಯ, ಆಫ್ರಿಕಗಳ ದೇಶಗಳವರು ಭಾರತ ಸರ್ಕಾರದ ನೆರವಿನಿಂದ ಅಲ್ಲಿಗೆ ಬಂದು ಇಂಗ್ಲಿಷು ಕಲಿತು ಹೋಗಿದ್ದಾರೆಂಬುದನ್ನು ತಿಳಿದಾಗ ನನಗೆ ಆಶ್ಚರ್ಯವೂ ಧೈರ್ಯವೂ ಆಯಿತು. ಪರದೇಶದವರಿಗೆ ಇಂಗ್ಲಿಷು ಕಲಿಸುವ ಕೆಲಸ ನಮ್ಮ ಸೀಮೆಯಿಂದ ಒಂದು ರಾತ್ರಿಯ ಪ್ರಯಾಣದಷ್ಟು ದೂರದಲ್ಲಿಯೇ ನಡೆದಿದೆಯಲ್ಲವೇ?

ಭಾಷಾಸಾಮರ್ಥ್ಯಕ್ಕೆ ಪ್ರಮಾಣವಾಗಿ ಕೆಲವು ಕಡೆ ಐ.ಇ.ಎಲ್.ಟಿ.ಎಸ್. ಪರೀಕ್ಷೆಯ ಫಲಿತಾಂಶ ಕೇಳುತ್ತಾರೆ. ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ಭಾಗಗಳಿಗೆ 9ರವರೆಗೆ ಅಂಕ. ಫಲಿತಾಂಶಕ್ಕೆ ಎರಡು ವರ್ಷ ಮಾತ್ರ ಮಾನ್ಯತೆಯಿರುವುದರಿಂದ ಅವಸರಪಟ್ಟು ಮೊದಲೇ ಬರೆದಿಟ್ಟುಕೊಳ್ಳುವುದರಿಂದ ಪ್ರಯೋಜನವಿಲ್ಲ.

ಈಗಿನಿಂದಲೇ ಮಾಡಬಹುದಾದ ಕೆಲಸವೆಂದರೆ ಕಾಗದಪತ್ರ ಸರಿಪಡಿಸಿಕೊಳ್ಳುವುದು. ನಮ್ಮಲ್ಲಿ ಒಬ್ಬನ ಹೆಸರು ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಆಧಾರ್ ಚೀಟಿಯಲ್ಲಿ ಇನ್ನೊಂದು ಬಗೆ; ತಂದೆಯ ಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ. ಊರಿನಲ್ಲಿ ಇದು ಯಾರಿಗೂ ತೊಡಕಲ್ಲ. ವೀಸಾ ಕಚೇರಿಯಲ್ಲಿ ಒಂದು ಅಕ್ಷರದ ವ್ಯತ್ಯಾಸವೂ ತೊಡಕೇ. ಪಾಸ್‌ಪೋರ್ಟು ಮಾಡಿಸುವ ಮೊದಲೇ ಎಲ್ಲ ದಾಖಲೆಗಳಲ್ಲಿ ಹೆಸರನ್ನು ಒಂದೇ ರೀತಿ ಮಾಡಿಸಿಕೊಳ್ಳಬೇಕು. ಪದವಿಪತ್ರಕ್ಕೆ ರಾಜ್ಯದ ಶಿಕ್ಷಣ ಇಲಾಖೆಯ ದೃಢೀಕರಣವೂ ಬಳಿಕ ವಿದೇಶಾಂಗ ಸಚಿವಾಲಯದ ‘ಅಪೊಸ್ಟಿಲ್’ ಎಂಬ ಮುದ್ರೆಯೂ ಬೇಕಾಗುತ್ತವೆ. ಆ ಮುದ್ರೆಯ ಅಂತರರಾಷ್ಟ್ರೀಯ ಒಪ್ಪಂದ ಭಾರತದ ಮಟ್ಟಿಗೆ 2005ರಲ್ಲಿ ಜಾರಿಗೆ ಬಂದಿತು. ಒಪ್ಪಂದಕ್ಕೆ ಸೇರದ ದೇಶವಾದರೆ ಅದರ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ನಡತೆಗೆ ಪೊಲೀಸರ ಪ್ರಮಾಣಪತ್ರ ಬೇಕು. ಮೂಲ ಪ್ರಮಾಣಪತ್ರಗಳನ್ನು ಮಾತ್ರ ಯಾವ ಮಧ್ಯವರ್ತಿಯ ಕೈಯಲ್ಲಿಯೂ ಬಿಡಬಾರದು.

ಇನ್ನು ಏಜೆಂಟರ ವಿಷಯ. ಪರದೇಶದ ಕೆಲಸಕ್ಕೆ ಜನರನ್ನು ಒದಗಿಸುವವನು ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕೆಂದು 1983ರ ವಲಸೆ ಕಾಯ್ದೆ ವಿಧಿಸಿತು. ಅವನು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕಕ್ಕೆ 2017ರ ನಿಯಮ 30,000 ರೂಪಾಯಿಗಳ ಮಿತಿಯನ್ನು ಹಾಕಿತು. ಅದರ ಮೇಲೆ ತೆರಿಗೆ ಬೇರೆ. ನನ್ನನ್ನು ಕೇಳಿದ ಮೊತ್ತ ಅದರ ಐದುಪಟ್ಟಿಗೂ ಮಿಕ್ಕಿತ್ತೆಂಬುದನ್ನು ವಾಚಕರು ಗಮನಿಸಬೇಕು. ನೋಂದಾಯಿತ ಏಜೆಂಟರ ಪಟ್ಟಿಯನ್ನು ವಿದೇಶಾಂಗ ಸಚಿವಾಲಯದ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಯಾರಾದರೂ ನೋಡಬಹುದು. ಪ್ರವಾಸಿ ವೀಸಾದ ಮೇಲೆ ಹೋಗಿ ಕೆಲಸ ಮಾಡುವುದು ಸಾಮಾನ್ಯವಾಗಿ ಆ ದೇಶದ ಕಾನೂನಿನ ಕಣ್ಣಿನಲ್ಲಿ ಅಪರಾಧ. ಸಂಬಳ ಕೊಡದಿದ್ದರೆ ದೂರು ಕೊಡಲೂ ಬಾಯಿ ಇರುವುದಿಲ್ಲ. ಕೈಯಲ್ಲಿ ಹಿಡಿಯಬೇಕಾದುದು ಶಾಲೆಯ ಹೆಸರು, ಸಂಬಳ, ವಸತಿ, ರಜೆ, ಹಿಂದಿರುಗುವ ಪ್ರಯಾಣದ ಖರ್ಚು ಇವೆಲ್ಲವನ್ನೂ ಬರೆದ ಕರಾರುಪತ್ರ. ಅದನ್ನು ತಾನೇ ಓದಿ ಅರ್ಥಮಾಡಿಕೊಳ್ಳಲಾರದವನು ಇಂಗ್ಲಿಷು ಕಲಿಸಲು ಹೊರಡುವುದೂ ಸರಿಯಲ್ಲ!

ಕೊನೆಯದಾಗಿ ನನ್ನ ನಿರ್ಧಾರ. ಪರೀಕ್ಷೆ ಮುಗಿದ ಮೇಲೆ ಬಿ.ಇಡಿ.ಗೆ ಸೇರಬೇಕೆಂದಿದ್ದೇನೆ. ನಮ್ಮ ರಾಜ್ಯದ ಶಾಲಾಶಿಕ್ಷಕರ ಹುದ್ದೆಗೂ ಅದೇ ಬೇಕು. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಇಲ್ಲಿನ ಹುದ್ದೆಗಳಲ್ಲಿ ಮೀಸಲು ಸ್ಥಾನವುಂಟು. ಊರಿನ ಬಾಗಿಲಿಗೂ ಪರದೇಶದ ಬಾಗಿಲಿಗೂ ಒಂದೇ ಬೀಗದ ಕೈ ಹೊಂದುವಾಗ ಮೊದಲು ಆ ಬೀಗದ ಕೈಯನ್ನು ಸಂಪಾದಿಸುವುದೇ ಜಾಣತನ. ಅನಂತರ ಎರಡು ವರ್ಷ ನಮ್ಮ ಸೀಮೆಯ ಯಾವುದಾದರೂ ಶಾಲೆಯಲ್ಲಿ ಕಲಿಸಿ, ಆಮೇಲೆ ಪರದೇಶದ ಶಾಲೆಗಳಿಗೆ ನಾನೇ ಅರ್ಜಿ ಬರೆಯುತ್ತೇನೆ. ಇದನ್ನು ಮನೆಯಲ್ಲಿ ಹೇಳಿದಾಗ ತಂದೆಯವರು, “ಅಂದ್ರ ಇನ್ನೂ ನಾಕು ವರ್ಷ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಆಗಲಿ, ಎತ್ತೂ ಅಷ್ಟರಮಟ ಬಾಳ್ತಾವ” ಎಂದು ಎದ್ದು ಹೊಲಕ್ಕೆ ಹೋದರು. ಅವರ ಆ ಮಾತಿನ ಋಣ ನನ್ನ ಮೇಲಿದೆ.

ಮಿತ್ರರೇ, ಹೋಗಬಾರದೆಂದು ನಾನು ಹೇಳುತ್ತಿಲ್ಲ. ಸಿದ್ಧರಾಗಿ ಹೋಗೋಣವೆಂದು ಮಾತ್ರ ಹೇಳುತ್ತಿದ್ದೇನೆ. ನಮ್ಮ ಹಿರಿಯರು ತೋಳ್ಬಲವನ್ನು ನಂಬಿ ಗುಳೆ ಹೋದರು. ನಾವು ವಿದ್ಯೆಯನ್ನು ನಂಬಿ ಹೋಗುವಾಗ ಆ ವಿದ್ಯೆ ಗಟ್ಟಿಯಾಗಿದೆಯೇ ಎಂದು ಇಲ್ಲಿಯ ಮಕ್ಕಳ ಮುಂದೆ ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ನಮ್ಮ ಕಟ್ಟೆಯ ಮೇಲಿನ ಏಳೆಂಟು ಮಕ್ಕಳಲ್ಲಿ ಒಬ್ಬರಾದರೂ ಈ ಸಲ ಇಂಗ್ಲಿಷಿನಲ್ಲಿ ಹಿಂದೆ ಬೀಳದಿದ್ದರೆ, ನನ್ನ ಅರ್ಜಿಯ ಅನುಭವದ ಅಂಕಣದಲ್ಲಿ ಬರೆಯಲು ನನಗೆ ಮೊದಲ ಸಾಲು ಸಿಕ್ಕಂತಾಯಿತು.